ಸೂರ್ಯಾಸ್ತಗೊಳಿಸಲಾಗುವುದು

ಬೈತಖೋಲದ ಮೀನುಗಾರರ ಸೊಸಾಯಿಟಿಗೆ ಬಂದ ಪತ್ರ
ಕನ್ನಡದಲ್ಲೇ ಇತ್ತು, ಅದೊಂದು ಮರ್ಯಾದೆ:
"ಪ್ರಿಯ ಮೌಲ್ಯಯುತ ಬಳಕೆದಾರರೇ,
ನಿಮ್ಮ ಅನುಭವವನ್ನು ಉತ್ತಮಗೊಳಿಸುವ ಸಲುವಾಗಿ
ಮಾರ್ಚ್ ಮೂವತ್ತೊಂದಕ್ಕೆ ಈ ಸೇವೆಯನ್ನು
ಸೂರ್ಯಾಸ್ತಗೊಳಿಸಲಾಗುವುದು."

ಓದಿದವ ನಾನೇ, ಜೋರಾಗಿ,
ಐಸಿನ ಪೆಟ್ಟಿಗೆಗಳ ನಡುವೆ ನಿಂತು.
ಠಾಕು ತಾಂಡೇಲ ಬಾಯಿಂದ ಬೀಡಿ ತೆಗೆದು
ಪಡುವಣಕ್ಕೆ ಕತ್ತು ತಿರುಗಿಸಿದ:
"ಅದಕ್ಕೂ ಇವರ ಅಪ್ಪಣೆ ಬೇಕಾಯ್ತೇ ಈಗ?"

ಏಳು ವರ್ಷದ ಲೆಕ್ಕ ಅದರೊಳಗಿದೆ.
ಯಾವ ಬೋಟಿಗೆ ಎಷ್ಟು ಡೀಸೆಲ್, ಯಾರ ಬುಟ್ಟಿಗೆ ಎಷ್ಟು ಬಂಗಡೆ,
ಶೆಟ್ಲಿಯ ದರ ಕುಸಿದ ವಾರ,
ಚಂದ್ರಭಾಗಿ ಕಡ ಒಯ್ದ ನಾಲ್ಕು ಸಾವಿರ,
ಅವಳು ಅದನ್ನು ತೀರಿಸಿದ್ದು.
ಪುಕ್ಕಟೆ ಎಂದಿದ್ದರು.
ಪುಕ್ಕಟೆ ಸಿಕ್ಕ ಮರಳಲ್ಲಿ ಮೀನು ಒಣಹಾಕಿದೆವು;
ಮರಳು ಯಾರದ್ದೆಂದು ಈಗ ತಿಳಿಯಿತು.
ಕಾಳಿಯ ಹಳೇ ಸೇತುವೆಯೂ ಹೀಗೇ ರಾತ್ರಿ ಬಿದ್ದದ್ದು,
ನಮ್ಮ ಅನುಭವ ಉತ್ತಮಗೊಳಿಸುತ್ತೇನೆಂದು
ಅದು ಬರೆದಿರಲಿಲ್ಲ, ಅಷ್ಟೆ.

ಕೋಡಿಬಾಗದ ವೈಜಯಂತಿ, ಪಾಲಿಟೆಕ್ನಿಕ್ಕಿನ ಲ್ಯಾಬಿನವಳು,
ಸಂಜೆ ಬಂದು ಕಂಪ್ಯೂಟರಿನ ಧೂಳು ಊದಿದಳು.
ಬೇರೆಯದೊಂದಿದೆ, ಯಾರದ್ದೂ ಅಲ್ಲ, ಎಲ್ಲರದ್ದೂ.
ಹೊಲಿಗೆ ಕಾಣುವ ಅಂಗಿ ಅಂದುಕೊಳ್ಳಿ.
ಬಿಚ್ಚಿ, ತೋಳು ಉದ್ದ ಮಾಡಿ,
ಮಾಡಿದ್ದನ್ನು ಬಚ್ಚಿಡಬೇಡಿ ಮಾತ್ರ.

"ಹಾಂ, ರಂಪಣಿ," ಅಂದ ಠಾಕು, ಎರಡೂ ಕೈ ಅಗಲಿಸಿ.
ಅರ್ಧ ಊರಿನಷ್ಟು ಬಲೆ, ಎರಡೂ ತುದಿ ದಡದಲ್ಲಿ,
ಹಗ್ಗಕ್ಕೆ ಸಿಕ್ಕಸಿಕ್ಕ ಕೈ.
ಶಾಲೆ ತಪ್ಪಿಸಿ ಬಂದ ಪೋರನಿಗೂ ನಾಲ್ಕು ತಾರ್ಲೆ,
ಟಪಾಲು ಹಂಚಲು ಬಂದು ಹಗ್ಗ ಹಿಡಿದವನಿಗೂ.
"ಆಮೇಲೆ ಪರ್ಸೀನ್ ಬೋಟು ಬಂತು."
ಯಾರು ತಂದದ್ದು, ಕೇಳಿದೆ.
ಬೀಡಿ ಆರಿತ್ತು. "ಮೊದಲನೇ ಬೋಟಿಗೆ
ನಾನೂ ಹತ್ತಿದ್ದೆ. ಎಳೆಯೋದು ಕಷ್ಟ ಮಾರಾಯ.
ಅಲ್ಲಿ ಯಂತ್ರ ಎಳೆಯುತ್ತಿತ್ತು."

ಹಾಗಾಗಿ ಕಂಪನಿ ಕೆಟ್ಟದ್ದು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.
ಕೆಟ್ಟತನಕ್ಕೂ ಅದಕ್ಕೆ ಪುರುಸೊತ್ತಿದ್ದಂತಿಲ್ಲ.
ಎಲ್ಲೋ ಗಾಜಿನ ಕೋಣೆಯಲ್ಲಿ, ಒಂದು ಪಟ್ಟಿಯಲ್ಲಿ
ನಮ್ಮ ಸಾಲಿನೆದುರು ಸೊನ್ನೆ ಕಂಡಿರಬೇಕು,
ಊಟಕ್ಕೆ ಏಳುವ ಮುಂಚೆ ಅಳಿಸಿರಬೇಕು.

ಆದರೆ ಎಲ್ಲರ ಬಲೆಗೆ ತೇಪೆ ಹಾಕುವವರು?
ವೈಜಯಂತಿ ತೋರಿಸಿದಳು: ತೂಕದ ಭಾಗವಿಡೀ
ಒಬ್ಬನದೇ ಕೈ. ಹಿಮ ಬೀಳುವ ಯಾವುದೋ ಊರು,
ಬೇಕರಿಯಲ್ಲಿ ರಾತ್ರಿಪಾಳಿ, ಮುಗಿಸಿ ಬಂದು ಬರೆಯುತ್ತಾನೆ.
ಅವನ ಕೊನೆಯ ಟಿಪ್ಪಣಿ:
"ದಣಿದಿದ್ದೇನೆ. ಲಾರಿಗಟ್ಟಲೆ ಒಯ್ಯುವವರು
ಒಂದು ಸಾಲು ತಿರುಗಿ ಕೊಟ್ಟಿಲ್ಲ."
ಲಾರಿಯವರಲ್ಲಿ ನಮಗೆ ಸೂರ್ಯಾಸ್ತ ಕಳಿಸಿದವರೂ ಇದ್ದಾರಂತೆ.
ಬುಟ್ಟಿಯವರಲ್ಲಿ, ಇನ್ನು ಮೇಲೆ, ನಾವು.

ಮೂರು ರಾತ್ರಿ ಲೆಕ್ಕ ಸಾಗಿಸಿದೆವು.
ಒಂದು ಆಷಾಢ ಪೂರ್ತಿ ಬರಲಿಲ್ಲ,
ಚಂದ್ರಭಾಗಿ ತೀರಿಸಿದ್ದೂ ಅದರ ಜೊತೆಗೇ ಹೋಯಿತು.
ಎಂಟು ಜನ ನೆನಪಿದೆ ಅಂದರು; ಬರೆದುಕೊಂಡೆ.

ಹೊಸದರಲ್ಲಿ ಲಾಭಕ್ಕೆ ಅಂಕಣವಿತ್ತು,
ಪಾಲಿಗೆ ಇರಲಿಲ್ಲ.
ವೈಜಯಂತಿ ಒಂದನ್ನು ಹೆಣೆದು ಬೇಕರಿಯವನಿಗೆ ಕಳಿಸಿದಳು.
ಒಂಬತ್ತನೇ ದಿನ ಉತ್ತರ:
"ಸೇರಿಸಿಕೊಂಡೆ. ಪಾಲು ಅಂದರೆ ಏನು?"

ಮಹಾಸಭೆಯಲ್ಲಿ ಚಂದ್ರಭಾಗಿಯೇ ಎದ್ದು ನಿಂತು
ಅವನಿಗೆ ಎರಡು ಸಾವಿರ ಕಳಿಸಿ ಅಂದಳು.
ಯಾವ ಖಾತೆಗೆ ಹಾಕಲಿ?
"ಬಲೆ ದುರಸ್ತಿಗೆ."

ಮೂವತ್ತೊಂದರ ಸಂಜೆ ಧಕ್ಕೆಯ ಮೇಲೆ
ಸುಮ್ಮನೆ ನೋಡಲು ಹೋದೆವು.
ದೇವಗಡದ ದೀಪಸ್ತಂಭದ ಆಚೆ, ತನ್ನ ಹೊತ್ತಿಗೆ,
ಯಾರನ್ನೂ ಪ್ರಿಯರೇ ಎನ್ನದೆ ಮುಳುಗಿತು.

ಆಡಿಟರು ಪೆನ್ಸಿಲ್ಲಿನಲ್ಲಿ ಕೇಳಿದ್ದಾರೆ:
ಬಲೆ ದುರಸ್ತಿ, ಎರಡು ಸಾವಿರ. ಯಾರ ಬಲೆ?
ನಾನಿನ್ನೂ ಉತ್ತರ ಬರೆದಿಲ್ಲ.