ಕಳೆದ ಏಳು ದಿನಗಳಲ್ಲಿ

ಕಳೆದ ಏಳು ದಿನಗಳಲ್ಲಿ
ಒಂದು ತಾಸಾದರೂ ಕೆಲಸ ಮಾಡಿದ್ದೀರಾ?
ಟ್ಯಾಬಿನಲ್ಲಿ ಇದ್ದದ್ದನ್ನು ಓದುತ್ತೇನೆ, ಪ್ರಶ್ನೆ ನನ್ನದಲ್ಲ.
ಬೈತಖೋಲದ ಕಡಿದಾದ ಮೆಟ್ಟಿಲು ಹತ್ತಿ ಬಂದ
ಏದುಸಿರು ಮಾತ್ರ ನನ್ನದು.

ಉಲ್ಲಾಸ ಹರಿಕಂತ್ರ, ಇಪ್ಪತ್ತಾರು, ಐಟಿಐ ಡೀಸೆಲ್ ಮೆಕ್ಯಾನಿಕ್.
ಮೂರು ತಿಂಗಳ ಹಿಂದೆ, ಬಂಗಡೆ ಬೀಳದ ವಾರದಲ್ಲಿ,
ಇದೇ ಬಾಗಿಲಿಗೆ ಒರಗಿ 'ಇಲ್ಲ' ಅಂದಿದ್ದ.
ಎಂಬತ್ತೊಂದು ಒತ್ತಿದ್ದೆ.
ಎಂಬತ್ತೊಂದು ಅಂದರೆ, ಕೆಲಸ ಬೇಕು, ಕೆಲಸ ಇಲ್ಲ.
ಕೈಗಾದ ಗೇಟಿನ ತನಕ ಹೋಗಿ ಬಂದದ್ದು,
ನೇವಲ್ ಬೇಸಿನ ಗುತ್ತಿಗೆದಾರ 'ಪಾಸು ಬಂದ ಮೇಲೆ ಫೋನ್ ಮಾಡ್ತೆ' ಅಂದದ್ದು,
ಅದಕ್ಕೆಲ್ಲ ಟ್ಯಾಬಿನಲ್ಲಿ ಜಾಗ ಇರಲಿಲ್ಲ.

ಈ ಸಲ ನಗುತ್ತಾನೆ. ಹೆಗಲ ಮೇಲೊಂದು ಶಾಲು,
ಅದರ ಬಣ್ಣ ನಾನು ಹೇಳುವ ಹಾಗಿಲ್ಲ.
'ಮಾಡಿದ್ದೇನಲ್ಲ ಅಕ್ಕಾ! ಸೋಮವಾರ ಕೋಡಿಬಾಗದಲ್ಲಿ ಬಾವುಟ ಕಟ್ಟಿದೆ.
ಮಂಗಳವಾರ ಮಾಜಾಳಿಗೆ ಬೈಕ್ ರ‍್ಯಾಲಿ, ಪೆಟ್ರೋಲು ಅವರದ್ದೇ.
ಬುಧವಾರ ಆ ಕಡೆಯವರದ್ದು.'
ಆ ಕಡೆಯವರದ್ದೂ?
'ಐವತ್ತು ಹೆಚ್ಚಿಗೆ ಕೊಟ್ಟರು.'
ಒಳಗಿನಿಂದ ಅವನ ಆಯಿ:
'ಬಿರಿಯಾನಿ ಮಾತ್ರ ಈ ಕಡೆಯದ್ದೇ ಚಲೋ.'

ಏನು ಕೂಗಿದಿರಿ ಎಂದು ಟ್ಯಾಬು ಕೇಳುವುದಿಲ್ಲ. ನಾನು ಕೇಳಿದೆ.
ಬುಧವಾರ: ನಿರುದ್ಯೋಗಿಗಳಿಗೆ ಉತ್ತರ ಕೊಡಿ.
ಗುರುವಾರ: ಮಾತು ಕೊಟ್ಟೆವು, ಕೆಲಸ ಕೊಟ್ಟೆವು.
'ಎರಡೂ ಒಂದೇ ರಾಗದಲ್ಲಿ ಬರ್ತದೆ, ಗಂಟಲಿಗೆ ತ್ರಾಸಿಲ್ಲ.'

ಐವತ್ತೊಂದು ಒತ್ತಿದೆ. ದಿನಗೂಲಿ.
ಪಕ್ಕದ ಮನೆಯಲ್ಲಿ ಐವತ್ತೊಂದು.
ಕುರ್ಚಿ ಹಾಕಿ ಕುರ್ಚಿ ತೆಗೆದ ರೋಶನಬಿಯ ಇಬ್ಬರು ಮಕ್ಕಳೂ.
ದೇವಿದಾಸ ಗುನಗಿ ಕ್ರೇನಿನ ತುದಿಗೆ ಸೇಬಿನ ಹಾರ ಕಟ್ಟಿದವ,
ಐವತ್ತೊಂದು. ಆ ಸೇಬನ್ನೇ ಬಿಡಿಸಿ ಮರುದಿನ
ಬಸ್ ಸ್ಟ್ಯಾಂಡಿನಲ್ಲಿ ಮಾರಿದ ಅವನ ಹೆಂಡತಿ: ಸ್ವಂತ ಉದ್ಯೋಗ.

ದೀಪ ಹಚ್ಚುವ ಹೊತ್ತಿಗೆ ಇಡೀ ಕೇರಿಯಲ್ಲಿ
ನಿರುದ್ಯೋಗಿ ಅಂತ ಒಬ್ಬನೂ ಉಳಿಯಲಿಲ್ಲ.
ಸುಳ್ಳು ಬರೆದೆನೇ? ಇಲ್ಲ. ನಿಯಮ ಹೇಳುತ್ತದೆ, ಒಂದು ತಾಸು ಸಾಕು.
ಭರತಿಯಲ್ಲಿ ಬಂಡೆ ಕಾಣುವುದಿಲ್ಲ.
ಬಂಡೆ ಎಲ್ಲಿಗೂ ಹೋಗಿರುವುದಿಲ್ಲ ಎಂದು
ದೋಣಿ ಹೊಡೆಯುವವರಿಗೆ ಗೊತ್ತು, ಭಾಷಣಕ್ಕೆ ಬಂದವರಿಗೆ ಅಲ್ಲ.

ಮತದಾನಕ್ಕೆ ಐದು ದಿನ ಇದ್ದಾಗ ಅಂಕಿ ಹೊರಬಿತ್ತು.
ಮಾಲಾದೇವಿ ಮೈದಾನದಲ್ಲಿ ಒಬ್ಬರು ಅದನ್ನು
ಹೊಸ ಕೂಸಿನ ಹಾಗೆ ಎತ್ತಿ ತೋರಿಸಿದರು: ಇಳಿದಿದೆ, ಇಳಿದಿದೆ!
ಕಾಳಿ ಸೇತುವೆಯ ಆಚೆ ಸದಾಶಿವಗಡದಲ್ಲಿ ಇನ್ನೊಬ್ಬರು
ಅದು ಸುಳ್ಳೆಂದು ಮೇಜು ಗುದ್ದಿ
ಹಿಂದಿನ ತ್ರೈಮಾಸಿಕದ ಅಂಕಿಯನ್ನು ಎತ್ತಿ ಹಿಡಿದರು.
ಅದೂ ನನ್ನ ಬೆರಳೇ.
ಊಟದ ಹೊತ್ತಿಗೆ ಟಿವಿಯಲ್ಲಿ ನನ್ನ ಎರಡು ಬೆರಳು
ಒಂದನ್ನೊಂದು ತಿವಿಯುತ್ತಿದ್ದವು.
ಮಾವ ಚಾನೆಲ್ ಬದಲಿಸಲಿಲ್ಲ, ಮೀನಿನ ಮುಳ್ಳು ಬಿಡಿಸುತ್ತಾ
'ಯಾರು ಎಣಿಸಿದರಂತೆ ಇದನ್ನೆಲ್ಲ?' ಅಂದರು.
ನಾನು ಸಾರು ಬಡಿಸಿದೆ.

ಮರುದಿನ ಹೂವಿನ ಚೌಕದಲ್ಲಿ ಉಲ್ಲಾಸ ಕರಪತ್ರ ಹಂಚುತ್ತಿದ್ದ.
ನನಗೂ ಒಂದು ಕೊಟ್ಟ. ದಪ್ಪ ಅಕ್ಷರದ ಶೇಕಡಾವಾರು;
ದಶಾಂಶದ ಬಲಕ್ಕೆ, ಎಷ್ಟನೆಯದೋ ಮನೆಯಲ್ಲಿ,
ಶಾಲು ಹೊದ್ದು ಅವನೇ ಕೂತಿದ್ದ.
ಹೇಳಲೇ ಅಂದುಕೊಂಡೆ.
ಕಟ್ಟು ಮುಗಿಯುವ ತನಕ ಅವನಿಗೆ ಪುರಸೊತ್ತಿರಲಿಲ್ಲ.

ಬೆರಳಿನ ಶಾಯಿ ಉಗುರಿನ ತುದಿಗೆ ಬಂದಿದ್ದಾಗ ಫೋನು:
'ಅಕ್ಕಾ, ಈ ವಾರ ಬರುವುದಿಲ್ಲವಾ?
ಈ ವಾರ ಬರಬೇಕಿತ್ತು ನೀವು.'
ಟ್ಯಾಬು ಹಿಂತಿರುಗಿಸಿ ಹನ್ನೊಂದು ದಿನವಾಗಿತ್ತು,
ನನ್ನ ಗುತ್ತಿಗೆಯೂ ಅಲ್ಲಿಗೇ. ಅವನಿಗೆ ಹೇಳಲಿಲ್ಲ.
ಅವನ ಹಿಂದೆ ಬೋಟಿನ ಇಂಜಿನ್ ಒಂದು
ಕೆಮ್ಮುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ.
ಯಾರದ್ದೋ ಅದು?
'ಯಾರದ್ದೋ. ರೊಕ್ಕ ಗಿಕ್ಕ ಇಲ್ಲ.
ಸುಮ್ಮನೆ ಬಿಚ್ಚಿ ನೋಡ್ತಾ ಇದ್ದೆ.'