ನಡುವಿನ ಸಂದು

ಎಂಬತ್ತೈದು ಡಾಲರಿಗೆ ಕೂಗಿದೆ. ಬೇರಾರೂ ಕೈ ಎತ್ತಲಿಲ್ಲ.
ಮೇನ್ ರಾಜ್ಯದ ಈ ಕೊನೆಯಲ್ಲಿ ಶಾಲೆ ಮುಚ್ಚಿ
ಬಡಗಿಕೋಣೆಯ ಸಾಮಾನೆಲ್ಲ ಹರಾಜಿಗೆ ಬಂದಿತ್ತು,
ಏಪ್ರಿಲಿನ ಕೆಸರಲ್ಲಿ.
ನಾಲ್ವರು ಹೊತ್ತು ಟ್ರಕ್ಕಿಗೇರಿಸಿದರು. ಒಬ್ಬ ಕೇಳಿದ,
‘ಒಡೀಲ್, ಜಾಯಿಂಟರ್ ತಗೊಂಡು ನೀನೇನು ಮಾಡ್ತಿ?’
ಮಾಡೋದೇನು. ಹಲಗೆಯ ಅಂಚು ನೇರ ಮಾಡ್ತೀನಿ.

ಅರವತ್ತೆಂಟರಲ್ಲಿ ಹುಡುಗಿಯರಾದ ನಮಗೆ ಗೋಡೆಯ ಈಚೆ
ಬಿಳಿ ಸಾಸ್ ಕಲಕುವ ಪಾಠ. ಆಚೆಯಿಂದ ನಿನ್ನ ಕೂಗು:
ಹಲಗೆ ತಾಗುವ ಮುಂಚೆ ಒಂದು ಸ್ವರ,
ತಾಗಿದ ಮೇಲೆ ಇನ್ನೊಂದು.
ಮೇಪಲ್ಲೋ ಪೈನೋ, ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಸಾಸ್ ಗಂಟುಗಟ್ಟುತ್ತಿತ್ತು.

ಈಗ ಗರಾಜಿನಲ್ಲಿ ನೀನು, ನಾನು, ಸೀಮೆಎಣ್ಣೆ.
ಮೂರು ದಿನ ಉಜ್ಜಿದ ಮೇಲೆ ತುಕ್ಕಿನಡಿಯ ಎರಕ
ಮೋಡದ ದಿನದ ಹೊಳೆಯ ಬಣ್ಣಕ್ಕೆ ಬಂತು.
ಅಡ್ಡಪಟ್ಟಿಯ ಬೆನ್ನಲ್ಲಿ ಮೊಳೆಯಿಂದ ಗೀಚಿದ ಹೆಸರುಗಳು:
ರೆಯಾಲ್, ಲೂಸಿಯೆನ್, ಮತ್ತೊಬ್ಬ ಲೂಸಿಯೆನ್,
ಮೂಲೆಯಲ್ಲಿ ನನ್ನ ತಮ್ಮ ರೊಸೈರ್,
ಕೊನೆಯ ಅಕ್ಷರ ಅರ್ಧಕ್ಕೇ ನಿಂತಿದೆ.
ಮೇಷ್ಟ್ರು ಬಂದಿರಬೇಕು.

ಅಲಗುಗಳು ಮೂರು. ಪ್ಲಗ್ ಕಿತ್ತು, ಉರುಳೆಯನ್ನು
ಕೈಯಲ್ಲೇ ತಿರುಗಿಸುತ್ತ ಒಂದು ಕಡ್ಡಿ ಇಟ್ಟು ನೋಡಬೇಕು:
ಅಲಗು ಅದನ್ನು ಕಚ್ಚಬಾರದು, ಮುಟ್ಟದೆ ಬಿಡಲೂಬಾರದು,
ಎಳ್ಳಷ್ಟು ದೂರ ನಡೆಸಿ ಇಳಿಸಬೇಕು.
ಆ ತುದಿ ಅಷ್ಟೇ, ಈ ತುದಿ ಅಷ್ಟೇ, ಮೂರಕ್ಕೂ ಅಷ್ಟೇ.
ಒಂದನ್ನು ಬಿಗಿದರೆ ಇನ್ನೊಂದು ಮುನಿಯುತ್ತದೆ,
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ.
ಬೆರಳು ಎರಡು ಕಡೆ ಕುಯ್ದಿತು. ಚೂಪಾಗಿದೆ ಅಂತ ಗೊತ್ತಾಯ್ತು.

ಆಮೇಲೆ ಉಕ್ಕಿನ ಪಟ್ಟಿಯನ್ನು ಎರಡು ಮೇಜಿಗೂ ಚಾಚಿ
ಹಿಂದೆ ಟಾರ್ಚು ಹಿಡಿದು ಬಗ್ಗಿದೆ. ಮೊಣಕಾಲು ಲಟಕ್ಕೆಂದಿತು.
ಈಚೆ ಮೇಜು ಸರಿ. ಆಚೆ ಮೇಜಿನ ಕೊನೆಯಲ್ಲಿ ಬೆಳಕು.
ಫೀಲರ್ ಗೇಜಿನ ಎಲೆ ತೂರಿಸಿದೆ: ನಾಲ್ಕು ಹೋಯ್ತು, ಎಂಟು ಹೋಯ್ತು,
ಹನ್ನೆರಡೂ ಸರಾಗ ಹೋಯ್ತು.
ಇಂಚನ್ನು ಸಾವಿರ ಮಾಡಿದರೆ ಅದರಲ್ಲಿ ಹನ್ನೆರಡು,
ಮೂರು ಹಾಳೆ ಕಾಗದದ ದಪ್ಪ.
ಅಷ್ಟು ತಲೆ ತಗ್ಗಿಸಿಕೊಂಡೇ ನಿಂತಿದ್ದೆಯಲ್ಲ,
ಕಾರ್ಖಾನೆ ಬಿಟ್ಟಾಗಿನಿಂದಲೋ,
ನಿನ್ನ ಮೇಲೆ ಕೂತು ಸಿಗರೇಟು ಸೇದಿದ ಹುಡುಗರ ಭಾರಕ್ಕೋ.

ಆಗ ನೆನಪಾಯ್ತು, ರೊಸೈರ್ ಮಾಡಿ ತಂದ ಮೇಜು.
ಎರಡು ಬರ್ಚ್ ಹಲಗೆ. ತುದಿಗಳು ಕೂಡಿದ್ದವು, ನಡುವೆ ಸಂದು.
ಅಪ್ಪ ಅದರೊಳಗೆ ಆಟೀನ್ ರಾಣಿಯನ್ನು ಸಿಗಿಸಿ
ಊಟಕ್ಕೆ ಬಂದವರೆದುರು ನಿಲ್ಲಿಸಿದ್ದ:
‘ನೋಡಿ, ನನ್ನ ಮಗನ ಕೈ.’
ಎಲ್ಲರೂ ನಕ್ಕರು. ನಾನೂ.
ಅವನು ಮತ್ತೆ ಮರ ಮುಟ್ಟಲಿಲ್ಲ. ಮಿಲ್ಲಿಗೆ ಸೇರಿ
ನಲವತ್ತು ವರ್ಷ ಕಾಗದ ಮಾಡಿದ.

ಫೋನಿನಲ್ಲಿ ಹೇಳಿದೆ, ‘ತಪ್ಪು ನಿನ್ನ ಕೈಯದಲ್ಲ, ಯಂತ್ರದ್ದು.’
ಬಹಳ ಹೊತ್ತು ಅವನ ಟಿವಿಯ ಹಾಕಿ ಗದ್ದಲವಷ್ಟೇ ಕೇಳಿಸಿತು.
‘ಎಷ್ಟು?’ ಅಂದ.
‘ಮೂರು ಕಾಗದ.’
‘ಯಾವ ಕಾಗದ? ಒಂದೊಂದರ ದಪ್ಪ ಒಂದೊಂದು.’

ಭಾನುವಾರ ಬಂದ, ಕಂಕುಳಲ್ಲಿ ಬಿಯರು.
ಕುಡಿದ ಡಬ್ಬಿಯನ್ನೇ ಕತ್ತರಿಸಿ ಪಟ್ಟಿ ಮಾಡಿ
ಮೇಜಿನಡಿಯ ಜಾರುಗಾಡಿಗೆ ತೂರಿಸಿದೆವು,
ಒಂದು, ಇನ್ನೊಂದು, ಮೊದಲಿನದನ್ನು ತೆಗೆದು ಮತ್ತೊಂದು.
ಮಾತು ಕಡಿಮೆ. ಅಪ್ಪನ ಹೆಸರು ಯಾರೂ ಎತ್ತಲಿಲ್ಲ.
ಬರ್ಚ್ ಹಲಗೆಗಳನ್ನು ನಾನೇ ದೂಡಿದೆ.
ಅದೇ ಕೂಗು. ಗೋಡೆಯಿಲ್ಲದೆ ಕೇಳಿದರೆ ಇಷ್ಟು ಜೋರು.

ಅಂಚಿಗೆ ಅಂಚು ಕೂಡಿಸಿ ಕಿಟಕಿಗೆ ಹಿಡಿದೆವು.
ಹೊರಗೆ ಹೊಳೆ, ಹೊಳೆಯಾಚೆ ಕೆನಡಾ, ಬಿಸಿಲು.
ನಡುವೆ ಕತ್ತಲು. ಎಡತುದಿಯಲ್ಲಿ ಮಾತ್ರ
ಕೂದಲೆಳೆಯ ಬೆಳಕು.
‘ಸಾಕು ಬಿಡು,’ ಅಂದೆ, ‘ಅಂಟು ತುಂಬಿಕೊಳ್ಳುತ್ತೆ.’
ಅವನು ಆಗಲೇ ನೆಲದ ಮೇಲೆ ಕೂತಿದ್ದ,
ಕನ್ನಡಕ ಹಣೆಗೇರಿಸಿ,
ಸ್ಪ್ಯಾನರಿಗೆ ಕೈ ಚಾಚಿ.