ಅಳತೆ ಪುಸ್ತಕ

ಗುತ್ತಲು ರಸ್ತೆಯ ನನ್ನ ಮಷೀನಿನ ಖಾನೆಯೊಳಗೆ
ಎಣ್ಣೆ ಕುಡಿದು ಕಪ್ಪಾದ ಪುಸ್ತಕವೊಂದಿದೆ.
ಅತ್ತೆ ಬರೆಯುತ್ತಿದ್ದದ್ದು; ಈಗ ನಾನು.

ಮೊದಲ ಪುಟ: ಹೊಳಲಿನ ದ್ಯಾವಮ್ಮ.
ಕುಪ್ಪಸ. ತೋಳು ಒಂಬತ್ತು ಇಂಚು. ಮುಂದೆ ಗಂಟು.
ಪಕ್ಕದಲ್ಲಿ ಸಣ್ಣಗೆ: 'ಗುಂಡಿ ಬೇಡವಂತೆ,
ಮಗ ಹಾಲಿಗೆ ಅಳ್ತಾನಂತೆ.'

ಆಮೇಲೆ ಹುಕ್ಕು ಬಂತು, ಬುಗ್ಗೆ ತೋಳು ಬಂತು.
ಸಕ್ಕರೆ ಫ್ಯಾಕ್ಟರಿ ಬೋನಸ್ ಕೊಟ್ಟ ವರ್ಷ
ಬೀದಿಗೆ ಬೀದಿಯೇ ಭುಜದ ಮೇಲೆ
ಎರಡೆರಡು ಪೂರಿ ಉಬ್ಬಿಸಿಕೊಂಡು ಓಡಾಡಿತು.
ತೋಳು ಆರಾಯಿತು, ನಾಲ್ಕಾಯಿತು, ಇಲ್ಲವೇ ಆಯಿತು;
ಮೊನ್ನೆ ಮತ್ತೆ ಒಂಬತ್ತು.
'ಹೊಸ ಫ್ಯಾಷನ್ ಆಂಟಿ' ಎಂದು ಫೋನು ತೋರಿಸಿದಳು
ದ್ಯಾವಮ್ಮನ ಮೊಮ್ಮಗಳು ನವ್ಯಶ್ರೀ.
ನಾನು ಪುಸ್ತಕ ತೆಗೆಯಲಿಲ್ಲ.

ಚೂಡಿದಾರಕ್ಕೊಂದು ಜೇಬೂ ಕೇಳಿದ್ದಳು. ಇಟ್ಟಿದ್ದೆ.
ಒಯ್ಯಲು ಬಂದವಳ ಜೊತೆ ಮುದುಕಿ.
ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ
ಸುಣ್ಣ ಮೆತ್ತಿದ ನೋಟು ಎಣಿಸಿಕೊಟ್ಟು,
ಆ ಜೇಬಿನೊಳಕ್ಕೆ ಕೈ ಇಳಿಬಿಟ್ಟು ನೋಡಿದಳು
ಮಣಿಕಟ್ಟಿನವರೆಗೂ.
ಬಹಳ ಹೊತ್ತು ತೆಗೆಯಲೇ ಇಲ್ಲ.

'ನಿಮ್ಮತ್ತೆಗ್ಯಾಕೆ ಇದು ಹೊಳೀನಿಲ್ಲ, ಕೂಸೆ?'

ಕತ್ತರಿ ಕೆಳಗಿಟ್ಟೆ.
ಹೊಸ ಪುಟ: ದ್ಯಾವಮ್ಮ, ಹೊಳಲು.
ಲಂಗ. ಬಲಗಡೆ. ಆಳ...
ಟೇಪು ಇರಲಿ, ಕೈ ಚಾಚವ್ವಾ ಅಂದೆ.